ನೆಲವರಿತ ಕೋಲು

ಕನ್ನಡದಲ್ಲಿ ‘ಕೋಲು’ ಎಂಬ ಸಣ್ಣ ಪದವು ಹೊತ್ತಿರುವ ಹೊರೆ ಸಣ್ಣದಲ್ಲ. ಕಣ್ಣಿಲ್ಲದವನಿಗೆ ದಾರಿ ತೋರುವುದು ಕೋಲು. ಗದ್ದೆಯ ಅಗಲವನ್ನು ಅಳೆಯುವುದು ಕೋಲು. ಹಬ್ಬದ ರಾತ್ರಿ ತಾಳಕ್ಕೆ ತಾಳ ಕೂಡಿಸುವುದು ಕೋಲು. ಬಾಣವನ್ನೂ ನಮ್ಮ ಹಳಗನ್ನಡದ ಕವಿಗಳು ಕೋಲೆಂದೇ ಕರೆದರು. ಇಷ್ಟು ಸಾಲದೆಂಬಂತೆ, ಕಾಲಿಗೆ ಗಾಲಿ ಕಟ್ಟಿಕೊಂಡು ಆಡುವ ರೋಲರ್ ಹಾಕಿಯ ಕೋಲೂ ಈಚಿನ ದಶಕಗಳಲ್ಲಿ ಈ ಪದದ ಆಶ್ರಯಕ್ಕೆ ಬಂದು ನಿಂತಿದೆ. ಮೇಲೆ ಹೇಳಿದ ಕೋಲುಗಳೆಲ್ಲಕ್ಕೂ ಹಿಡಿಯುವ ಕೈಯೇ ಪ್ರಧಾನ. ಈ ಹೊಸ ಕೋಲಿಗೆ ಮಾತ್ರ ಕೈಗಿಂತಲೂ ನೆಲವೇ ಹೆಚ್ಚಿನ ಯಜಮಾನ. ಈ ಸಂಗತಿಯನ್ನು ತಿಳಿಯದೆ ಕೊಂಡ ಕೋಲು, ತಿಳಿಯದೆ ಕೊಟ್ಟ ಕೋಲು, ಎರಡೂ ಎಷ್ಟು ಬೇಗ ಸವೆದುಹೋಗುತ್ತವೆ ಎಂಬುದಕ್ಕೆ ಮಂಗಳೂರಿನ ಕೊಟ್ಟಾರದಲ್ಲಿ ನಡೆದ ಒಂದು ಪ್ರಸಂಗವು ನಿದರ್ಶನವಾಗಿದೆ.

ಮಂಗಳೂರು ನಗರದ ಉತ್ತರ ಭಾಗದಲ್ಲಿ, ಉರ್ವ, ಅಶೋಕನಗರ, ದೇರೆಬೈಲುಗಳ ನೆರೆಯಲ್ಲಿ ಕೊಟ್ಟಾರವಿದೆ. ಕೊಟ್ಟಾರವೆಂದರೆ ಧಾನ್ಯವನ್ನು ತುಂಬಿಡುವ ಉಗ್ರಾಣ. ಸಂಸ್ಕೃತದ ‘ಕೋಷ್ಠಾಗಾರ’ವೇ ಕನ್ನಡದ ನಾಲಗೆಯಲ್ಲಿ ನಯಗೊಂಡು ಕೊಟ್ಟಾರವಾಯಿತು. ಇಂದು ಅಲ್ಲಿ ಕಣ್ಣಿಗೆ ಬೀಳುವುದು ಕಣಜಗಳಲ್ಲ, ಬಹುಮಹಡಿಯ ಕಟ್ಟಡಗಳು. ಎತ್ತಿನ ಗಾಡಿಗಳಲ್ಲ, ಕೊಟ್ಟಾರ ಚೌಕಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ತುಂಬಿ ನಿಲ್ಲುವ ಲಾರಿ ಬಸ್ಸುಗಳು. ಮಳೆಗಾಲದಲ್ಲಿ ಚೌಕಿಯ ತಗ್ಗಿಗೆ ನೀರು ನುಗ್ಗಿದಾಗಲಂತೂ ಗಾಲಿಯುಳ್ಳ ಯಾವುದೂ ಚಲಿಸದು. ಈ ಪರಿಸರದ ಒಂದು ಶಾಲೆಯ ಮಕ್ಕಳು ಬೆಳಗಿನ ಜಾವ ಸ್ಕೇಟುಗಳನ್ನು ಕಟ್ಟಿಕೊಂಡು ಹಾಕಿಯಾಡುವುದನ್ನು ರೂಢಿಮಾಡಿಕೊಂಡಿದ್ದರು. ಶಾಲೆಯ ಹೆಸರು ಇಲ್ಲಿ ಅಪ್ರಸ್ತುತ.

ರೋಲರ್ ಹಾಕಿ ಎಂಬುದು ಒಂದೇ ಆಟವಲ್ಲವೆಂಬುದನ್ನು ಮೊದಲು ಅರಿತುಕೊಳ್ಳಬೇಕು. ನಾಲ್ಕು ಗಾಲಿಗಳು ಎರಡೆರಡು ಜೋಡಿಯಾಗಿರುವ ಹಳೆಯ ಬಗೆಯ ಸ್ಕೇಟಿನ ಮೇಲೆ ಗಟ್ಟಿ ಚೆಂಡಿನಿಂದ ಆಡುವುದು ಒಂದು. ಸ್ಪೇನ್, ಪೋರ್ಚುಗಲ್, ಇಟಲಿ, ಅರ್ಜೆಂಟೀನಾಗಳಲ್ಲಿ ಇದು ಬಹು ಜನಪ್ರಿಯ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಇದನ್ನು ಪ್ರದರ್ಶನದ ಆಟವಾಗಿ ಆಡಿಸಿದಾಗ ಅರ್ಜೆಂಟೀನಾ ಗೆದ್ದಿತು. ಇದರ ಕೋಲು 90ರಿಂದ 115 ಸೆಂಟಿಮೀಟರ್ ಉದ್ದವಿದ್ದು, 500 ಗ್ರಾಂ ತೂಕವನ್ನು ಮೀರದೆ, 5 ಸೆಂಟಿಮೀಟರಿನ ಬಳೆಯೊಳಗೆ ನುಸುಳಿ ಹೊರಬರಬೇಕು. ಎರಡನೆಯದು, ಗಾಲಿಗಳೆಲ್ಲ ಒಂದೇ ಸಾಲಿನಲ್ಲಿರುವ ಸ್ಕೇಟಿನ ಮೇಲೆ ಆಡುವ ಇನ್‌ಲೈನ್ ಹಾಕಿ. ಇದರಲ್ಲಿ ಚೆಂಡಿನ ಬದಲು ಬಿಲ್ಲೆ. ಕುಂಟೆಬಿಲ್ಲೆಯಾಡಿ ಬೆಳೆದ ನಮ್ಮವರಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ. ಹಿಮದ ಮೇಲಿನ ಹಾಕಿಯಿಂದ ಹುಟ್ಟಿದ ಈ ಆಟದ ಕೋಲು ನೀಳವಾದ ಹಿಡಿ ಮತ್ತು ಕೆಳಗೆ ನೆಲಕ್ಕೆ ಒರಗುವ ಅಗಲವಾದ ಅಲಗು ಎಂಬ ಎರಡು ಅಂಗಗಳಿಂದ ಕೂಡಿರುತ್ತದೆ. ಕೊಟ್ಟಾರದ ಮಕ್ಕಳು ಆಡುತ್ತಿದ್ದುದು ಈ ಎರಡನೆಯ ಬಗೆ.

ಆಡುತ್ತಿದ್ದ ಸ್ಥಳ ಶಾಲೆಯ ಸಿಮೆಂಟಿನ ಅಂಗಳ. ಮುರಕಲ್ಲಿನ ನೆಲವನ್ನು ಸಮಮಾಡಿ ಮೇಲೆ ಕಾಂಕ್ರೀಟು ಹಾಸಿದ್ದರು. ಪ್ರಾರ್ಥನೆಗೆ ನಿಲ್ಲುವ ಮಕ್ಕಳು ಜಾರಿ ಬೀಳಬಾರದೆಂದು ಮೇಸ್ತ್ರಿ ಅದನ್ನು ಉದ್ದೇಶಪೂರ್ವಕವಾಗಿಯೇ ಒರಟಾಗಿ ಬಿಟ್ಟಿದ್ದನು. ವರ್ಷಕ್ಕೆ 3,500 ಮಿಲಿಮೀಟರಿಗೆ ಕಡಿಮೆಯಿಲ್ಲದೆ ಮಳೆ ಸುರಿಯುವ ಊರಿನಲ್ಲಿ ಅದು ವಿವೇಕದ ಕೆಲಸವೇ ಸರಿ. ಆದರೆ ಆ ಒರಟುತನವು ಕೋಲಿನ ಪಾಲಿಗೆ ಅರದ ಹಲ್ಲು. ಬಿಲ್ಲೆಯೂ ಅಲ್ಲಿ ನೆಟ್ಟಗೆ ಜಾರದೆ, ಅಂಚಿನ ಮೇಲೆ ಎದ್ದು ನಾಣ್ಯದಂತೆ ಉರುಳಿ ಎತ್ತಲೋ ಹೋಗುತ್ತಿತ್ತು. ಆದ್ದರಿಂದ ಅಭ್ಯಾಸಕ್ಕೆ ಮಕ್ಕಳು ಚೆಂಡನ್ನೇ ಬಳಸುತ್ತಿದ್ದರು.

ಆ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಅಮೆರಿಕದಲ್ಲಿ ನೆಲೆಸಿದ್ದಾರೆ. ತಮ್ಮ ಮಕ್ಕಳು ಆಡುವ ಆಟವನ್ನೇ ತಾವು ಓದಿದ ಶಾಲೆಯ ಮಕ್ಕಳೂ ಆಡುತ್ತಾರೆಂದು ತಿಳಿದು ಅವರಿಗೆ ಅತ್ಯಾನಂದವಾಯಿತು. ದೀಪಾವಳಿಯ ಹೊತ್ತಿಗೆ ಒಂದು ಡಜನ್ ಕೋಲುಗಳು ಬಂದಿಳಿದವು. ಎಲ್ಲವೂ ಕಾರ್ಬನ್ ಎಳೆಗಳವು, ಹಿಡಿಯೂ ಅಲಗೂ ಒಂದೇ ಅಚ್ಚಿನಲ್ಲಿ ಎರಕವಾದವು, ಕಾಗದದ ಸುರುಳಿಯಷ್ಟು ಹಗುರವಾದವು. ಅವುಗಳನ್ನು ಕಂಡು ಮಕ್ಕಳಿಗೆ ಆದ ಸಂತೋಷವನ್ನು ವರ್ಣಿಸುವುದು ಅನಗತ್ಯ. ಮಕರ ಸಂಕ್ರಾಂತಿಯ ವೇಳೆಗೆ ಆ ಕೋಲುಗಳಲ್ಲಿ ಹೆಚ್ಚಿನವುಗಳ ಅಲಗಿನ ತಳ ತೇದು, ಕಪ್ಪು ಎಳೆಗಳು ಹಳೆಯ ಪೊರಕೆಯಂತೆ ಹೊರಚಾಚಿದ್ದವು. ಎರಡು ಕೋಲುಗಳ ಅಲಗು ಹಿಮ್ಮಡಿಯ ಹತ್ತಿರ ಸೀಳಿತ್ತು. ಒಬ್ಬ ಹುಡುಗನ ಅಂಗೈಗೆ ಸಿಬಿರು ಹೊಕ್ಕಿ ಔಷಧಾಲಯಕ್ಕೂ ಹೋಗಿಬರಬೇಕಾಯಿತು.

ಇಲ್ಲಿ ವಸ್ತುವಿನ ದೋಷವಿರಲಿಲ್ಲ. ಕಾರ್ಬನ್ನಿನ ಎಳೆಗಳನ್ನು ರಾಳದಲ್ಲಿ ಅದ್ದಿ ಪದರು ಪದರಾಗಿ ಅದುಮಿ ಮಾಡುವ ಈ ಕೋಲು, ಎಳೆತಕ್ಕೆ ಉಕ್ಕಿಗೂ ಸಡ್ಡು ಹೊಡೆಯುತ್ತದೆ. ಹೊಡೆತದ ಬಲವನ್ನು ತಾನು ನುಂಗದೆ ಬಿಲ್ಲೆಗೇ ಒಪ್ಪಿಸುತ್ತದೆ. ಆದರೆ ಉಜ್ಜಾಟಕ್ಕೆ ಅದು ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಈ ಆಟಕ್ಕೆಂದು ಒಂದಕ್ಕೊಂದು ಕಚ್ಚಿಕೊಳ್ಳುವ ನುಣುಪಾದ ಪ್ಲಾಸ್ಟಿಕ್ ಬಿಲ್ಲೆಹಾಸುಗಳನ್ನು ಜೋಡಿಸಿ ಅಂಗಣ ಮಾಡುತ್ತಾರೆ. ಅಂಥ ನೆಲದ ಮೇಲೆ ಕಾರ್ಬನ್ನಿನ ಅಲಗು ಹಂಸದಂತೆ ತೇಲುತ್ತದೆ. ಸಿಮೆಂಟಿನ ಮೇಲೆ ಪ್ರತಿಯೊಂದು ಹೊಡೆತಕ್ಕೂ ತಳದ ಒಂದು ಪದರು ಸವೆಯುತ್ತದೆ. ಹೊರಪದರು ಸವೆದು ಎಳೆ ಕಡಿದೊಡನೆ ಕೋಲಿನ ಬಿಗಿತವೆಲ್ಲ ಒಮ್ಮೆಲೇ ಇಳಿದುಹೋಗುತ್ತದೆ. ಮರವಾದರೆ ಮುರಿಯುವ ಮುನ್ನ ಕಿರುಗುಟ್ಟಿ ಎಚ್ಚರಿಸುವುದುಂಟು. ಇದು ಆ ಸೌಜನ್ಯವನ್ನೂ ತೋರದು.

ನೆಲ ಬದಲಾದಾಗ ಕೋಲೂ ಬದಲಾಗಬೇಕಾದ ಈ ಪಾಠವನ್ನು ಭಾರತವು ಬಹು ದೊಡ್ಡ ಶುಲ್ಕ ತೆತ್ತು ಮೈದಾನದ ಹಾಕಿಯಲ್ಲಿ ಕಲಿತಿತ್ತು. 1928ರಿಂದ 1956ರವರೆಗೆ ಒಂದೂ ತಪ್ಪದೆ ಆರು ಒಲಿಂಪಿಕ್ ಚಿನ್ನಗಳನ್ನು ಗೆದ್ದ ನಮ್ಮವರ ಕೈಯಲ್ಲಿದ್ದುದು ಹಿಪ್ಪುನೇರಳೆಯ ಮರದ ಕೋಲು. ಕರ್ನಾಟಕದಲ್ಲಿ ಹಿಪ್ಪುನೇರಳೆಯೆಂದರೆ ರೇಷ್ಮೆಹುಳುವಿನ ಮೇವು. ರಾಮನಗರ, ಕೋಲಾರಗಳ ರೈತರು ಅದನ್ನು ಸೊಪ್ಪಿಗಾಗಿ ಕತ್ತರಿಸುತ್ತ ಪೊದೆಯಾಗಿಯೇ ಇಡುತ್ತಾರೆ. ಉತ್ತರದಲ್ಲಿ ಅದೇ ಗಿಡವನ್ನು ಮರವಾಗಲು ಬಿಟ್ಟು, ಬಳುಕಿದರೂ ಮುರಿಯದ ಅದರ ದಿಮ್ಮಿಯಿಂದ ಕೋಲು ಮಾಡಿದರು. ಈ ಕಸುಬಿನ ತವರು ಸಿಯಾಲ್‌ಕೋಟ್. 1947ರ ವಿಭಜನೆಯಲ್ಲಿ ಅಲ್ಲಿಂದ ಬಂದ ಕುಶಲಿಗಳು ಜಲಂಧರದಲ್ಲಿ ನೆಲೆಯೂರಿ ಅದನ್ನು ಮುಂದುವರಿಸಿದರು. ಹುಲ್ಲಿನ ನೆಲದಲ್ಲಿ ಚೆಂಡು ಪುಟಿಯುತ್ತ ತಡೆಯುತ್ತ ಬರುವಾಗ ಅದನ್ನು ಮೆತ್ತಗೆ ತಬ್ಬಿಕೊಳ್ಳುವ ಗುಣ ಆ ಮರಕ್ಕಿತ್ತು. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸಿನ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಿದರು. ಹಿಂದಿನ ವರ್ಷವಷ್ಟೆ ವಿಶ್ವಕಪ್ಪನ್ನು ಗೆದ್ದಿದ್ದ ಭಾರತವು ಅಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಸೋಲಿಗೆ ಕಾರಣಗಳು ಹಲವು. ಅವೆಲ್ಲವನ್ನೂ ನೆಲದ ತಲೆಗೆ ಕಟ್ಟುವುದು ನ್ಯಾಯವಲ್ಲ. 1980ರಲ್ಲಿ ಮಾಸ್ಕೋದ ಕೃತಕ ಹಾಸಿನ ಮೇಲೆಯೇ ಭಾರತ ಚಿನ್ನವನ್ನು ಗೆದ್ದಿತಲ್ಲ! ಕೊಡಗಿನ ಎಂ. ಎಂ. ಸೋಮಯ್ಯನವರು ಆ ತಂಡದಲ್ಲಿದ್ದರು. ಆದರೂ ನೀರು ಹನಿಸಿದ ಹಾಸಿನ ಮೇಲೆ ಮರದ ಕೋಲು ನೀರು ಕುಡಿದು ಭಾರವಾಗುತ್ತದೆಂಬುದೂ, ವೇಗವಾಗಿ ಬರುವ ಚೆಂಡಿಗೆ ಬಿಗಿಯಾದ ಕೋಲೇ ಬೇಕೆಂಬುದೂ ಕ್ರಮೇಣ ಎಲ್ಲರಿಗೂ ಮನವರಿಕೆಯಾಯಿತು. ಗಾಜಿನ ಎಳೆ, ಕೆವ್ಲಾರ್, ಕಾರ್ಬನ್ನುಗಳು ಮೊದಲು ಮರದ ಮೇಲಿನ ಹೊದಿಕೆಯಾಗಿ ಬಂದು, ಅನಂತರ ಮರವನ್ನೇ ಹೊರದೂಡಿದವು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಂಥ ಕಡೆ, ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಇಳಿಯುವಲ್ಲಿ, ಮಣ್ಣಿನ ನೆಲಕ್ಕೆ ಮರದ ಕೋಲು ಇಂದಿಗೂ ಅಯೋಗ್ಯವಲ್ಲ.

ಅದಂತಿರಲಿ. ಕೊಟ್ಟಾರದ ಶಾಲೆಯ ದೈಹಿಕ ಶಿಕ್ಷಕರು ಸವೆದ ಕೋಲುಗಳನ್ನು ಗೋಣಿಯಲ್ಲಿ ಕಟ್ಟಿಕೊಂಡು, ಸಮೀಪದಲ್ಲಿಯೇ ಮರಗೆಲಸದ ಶೆಡ್ಡನ್ನಿಟ್ಟುಕೊಂಡಿದ್ದ ಒಬ್ಬ ವೃದ್ಧ ಆಚಾರಿಯ ಬಳಿಗೆ ಹೋದರು. ಆಚಾರಿಯು ಒಂದು ಕೋಲನ್ನು ಎತ್ತಿ, ತಳವನ್ನು ಬೆರಳಿನಿಂದ ಸವರಿ, ಮೂಸಿ, ಕೆಳಗಿಟ್ಟನು.

“ಇದು ಮರ ಅಲ್ಲ ಮಾಸ್ಟ್ರೇ. ಆದ್ರೆ ಮರದ ಹಾಗೇ ಇದಕ್ಕೂ ಎಳೆ ಉಂಟು. ಎಳೆ ಕಡಿದ ಮೇಲೆ ಎಂತ ಮಾಡಿದ್ರೂ ಕೂಡುವುದಿಲ್ಲ.”

“ಹಾಗಾದ್ರೆ ಮರದ್ದೇ ಒಂದು ಮಾಡಿ ಕೊಡ್ತೀರಾ ಆಚಾರ್ರೇ?”

ಮಾಡಿಕೊಟ್ಟನು. ಬೋಗಿಮರದ ಹಲಗೆಯಲ್ಲಿ ಬಾಗಿದ ಆಕಾರವನ್ನು ಗೆರೆ ಎಳೆದು ಕೊಯ್ದು, ಹತ್ತರಿ ಹಾಕಿ ಕೊಟ್ಟ ಆ ಕೋಲು ನೋಟಕ್ಕೆ ಸೊಗಸಾಗಿತ್ತು. ಎರಡನೆಯ ದಿನ ಅಲಗು ಬುಡದಲ್ಲಿ ಕಳಚಿತು. ಆಚಾರಿಗೆ ಇದರಿಂದ ಆಶ್ಚರ್ಯವಾಗಲಿಲ್ಲ. ಬಾಗಿದ ವಸ್ತುವನ್ನು ನೇರ ಹಲಗೆಯಿಂದ ಕೊಯ್ದರೆ ಬಾಗಿನಲ್ಲಿ ಮರದ ಎಳೆ ಅಡ್ಡಲಾಗಿ ತುಂಡಾಗಿ ನಿಲ್ಲುತ್ತದೆ, ಅಲ್ಲಿಯೇ ಮುರಿಯುತ್ತದೆ. ಹಿಂದೆ ನೇಗಿಲು ಮಾಡುವವರು ಹುಟ್ಟಿನಿಂದಲೇ ಬಾಗಿದ ಕೊಂಬೆಯನ್ನು ಹುಡುಕಿ ಕಾಡು ಅಲೆಯುತ್ತಿದ್ದುದು ಈ ಕಾರಣದಿಂದಲೇ. ಜಲಂಧರದವರು ಮರವನ್ನು ಹಬೆಯಲ್ಲಿ ಬೇಯಿಸಿ ಬಾಗಿಸುತ್ತಾರೆ, ಎಳೆಯೂ ಕೂಡಿಯೇ ಬಾಗುತ್ತದೆ. ಬಿಲ್ಲೆಯಾಟದ ಅಲಗಿಗೆ ತೆಳುಪದರುಗಳನ್ನು ಅಂಟಿಸಿ ಅಚ್ಚಿನಲ್ಲಿ ಬಿಗಿಯುತ್ತಾರೆ. ಹೀಗೆ ಅಂಟಿಸಿದ ಮರದ ಅಲಗು ಅಗ್ಗ, ಕೈಗೂ ಹಿತ. ಆದರೆ ಕರಾವಳಿಯ ತೇವಕ್ಕೆ ಅಂಟು ಬಿಡುತ್ತದೆ, ಸಿಮೆಂಟಿಗೆ ತಳ ಹಿಂಜುತ್ತದೆ. ತಳಕ್ಕೆ ಎಪಾಕ್ಸಿ ಬಳಿದು ಗಾಜಿನ ಎಳೆಯ ಪಟ್ಟಿ ಸುತ್ತಿದರೆ ಇನ್ನಷ್ಟು ದಿನ ಬಾಳುತ್ತದೆ. ಬಟ್ಟೆಯ ಟೇಪು ಸುತ್ತುವುದು ಚೆಂಡಿನ ಹಿಡಿತಕ್ಕೆ ಒಳ್ಳೆಯದೇ ಹೊರತು ಒರಟು ನೆಲದಲ್ಲಿ ಅದು ಒಂದು ಬೆಳಗಿಗೆ ಮುಗಿಯುವ ವೈಭವ.

ಸಿಮೆಂಟು ಮತ್ತು ಡಾಂಬರಿನ ನೆಲಕ್ಕೆ ತಕ್ಕ ವಸ್ತು ಬೇರೆಯೇ ಇದೆ. ಎ.ಬಿ.ಎಸ್. ಎಂದು ಕರೆಯುವ ಗಟ್ಟಿ ಪ್ಲಾಸ್ಟಿಕ್ಕು ಅದು. ಮೂರು ರಸಾಯನಗಳ ಕೂಟವಾದ ಅದರಲ್ಲಿ ರಬ್ಬರಿನ ಅಂಶವೂ ಇರುವುದರಿಂದ ಪೆಟ್ಟಿಗೆ ಒಡೆಯದು. ದ್ವಿಚಕ್ರದವರ ಹೆಲ್ಮೆಟ್ಟು, ಪ್ರಯಾಣದ ಪೆಟ್ಟಿಗೆಗಳಲ್ಲಿ ಎಲ್ಲರೂ ಅದನ್ನು ಕಂಡವರೇ. ಅದರ ಅಲಗು ನೆಲಕ್ಕೆ ಉಜ್ಜಿದಾಗ ಎಳೆ ಬಿಡದೆ, ಸೋಪಿನಂತೆ ಸಮನಾಗಿ ನಿಧಾನವಾಗಿ ಸವೆಯುತ್ತದೆ. ತೂಕ ತುಸು ಹೆಚ್ಚು. ಮಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಕೊಂಚ ಬಳುಕಿ ಹೊಡೆತದ ಗುರಿ ತಪ್ಪಿಸುವುದೂ ಉಂಟು. ನುಣುಪಾದ ಅಂಗಣದಲ್ಲಿ ಕಾರ್ಬನ್ನಿನ ಮುಂದೆ ಮಂದಗತಿಯದು. ಆದರೂ ಒರಟು ನೆಲದಲ್ಲಿ ಆಡುವ ಬಡ ಮಗುವಿಗೆ ಅದಕ್ಕೆ ಸಾಟಿಯಾದ ಇನ್ನೊಂದಿಲ್ಲ. ಇಂಥ ಅಲಗನ್ನು ಅಲ್ಯೂಮಿನಿಯಮ್ಮಿನ ಪೊಳ್ಳು ಹಿಡಿಗೆ ಸಿಕ್ಕಿಸಿ, ಸವೆದಾಗ ಅಲಗನ್ನು ಮಾತ್ರ ಬದಲಾಯಿಸುವುದು ಮಿತವ್ಯಯದ ಮಾರ್ಗ. ಲೋಹದ ಹಿಡಿಯನ್ನು ಚೆಂಡಿನ ಆಟದ ನಿಯಮಗಳು ಒಪ್ಪುವುದಿಲ್ಲ, ಬಿಲ್ಲೆಯ ಆಟದಲ್ಲಿ ಅಡ್ಡಿಯಿಲ್ಲ. ಗಾಲಿಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ: ನಯವಾದ ನೆಲಕ್ಕೆ ಮೆದುಗಾಲಿ, ಒರಟಿಗೆ ಗಟ್ಟಿಗಾಲಿ.

ದೈಹಿಕ ಶಿಕ್ಷಕರಿಗೆ ಇವೆಲ್ಲ ತಿಳಿಯದ ವಿಷಯಗಳೇನೂ ಆಗಿರಲಿಲ್ಲ. ದಾನಿಗೆ ತಿಳಿಸುವುದು ಹೇಗೆಂಬುದೇ ಅವರ ಕಷ್ಟ. ಮುಖ್ಯೋಪಾಧ್ಯಾಯರ ಅಭಿಪ್ರಾಯ ಸರಳವಾಗಿತ್ತು. ಕೆಡದೆ ಉಳಿದ ನಾಲ್ಕು ಕೋಲುಗಳನ್ನು ಕಚೇರಿಯ ಗಾಜಿನ ಬೀರುವಿನಲ್ಲಿ ನಿಲ್ಲಿಸಿ, ಭಾವಚಿತ್ರ ತೆಗೆಸಿ, ಧನ್ಯವಾದದ ಪತ್ರದೊಡನೆ ಕಳುಹಿಸಿದರಾಯಿತು. ದಾನಿಗಳ ಮನಸ್ಸು ನೋಯಬಾರದು, ಮುಂದಿನ ವರ್ಷ ಪ್ರಯೋಗಾಲಯದ ಛಾವಣಿಯ ಕೆಲಸವಿದೆ. ಶಾಲೆಗಳ ಬೀರುಗಳಲ್ಲಿ ಹೀಗೆ ನಿಂತಿರುವ ಸಾಮಗ್ರಿ ನಾಡಿನಲ್ಲಿ ಎಷ್ಟಿದೆಯೋ! ಭೂತಗನ್ನಡಿಗಳು, ವೀಣೆಗಳು, ಬಿಚ್ಚದ ವಿಶ್ವಕೋಶಗಳು. ಕೊಟ್ಟವರು ಸಂತುಷ್ಟರು, ಕೊಂಡವರು ಕೃತಜ್ಞರು, ಮಕ್ಕಳು ಹೊರಗೆ.

ಶಿಕ್ಷಕರು ಈ ಸಲಹೆಗೆ ಒಪ್ಪದಿರಲು ಒಬ್ಬ ಹುಡುಗಿ ಕಾರಣಳಾದಳು. ಒಂಬತ್ತನೆಯ ತರಗತಿಯ ಅವಳ ತಾಯಿ ಬೀಡಿ ಕಟ್ಟಿ ಸಂಸಾರ ನಡೆಸುವವರು. ಸಾವಿರ ಬೀಡಿಗೆ ಇಷ್ಟೆಂದು ಸಿಗುವ ಕೂಲಿಯಲ್ಲಿ ಅಂಥ ಒಂದು ಕೋಲಿನ ಬೆಲೆ ಎಷ್ಟು ತಿಂಗಳ ಎಲೆ, ಎಷ್ಟು ತಿಂಗಳ ಸೊಪ್ಪು ಎಂದು ಲೆಕ್ಕ ಹಾಕುವುದೇ ಕ್ರೂರವೆನಿಸುತ್ತದೆ. ತಂಡದಲ್ಲಿ ಅವಳಷ್ಟು ಚುರುಕಾಗಿ ತಿರುಗಬಲ್ಲವರು ಇನ್ನೊಬ್ಬರಿರಲಿಲ್ಲ. ಅವಳ ಪಾಲಿನ ಕೋಲೇ ಮೊದಲು ಸೀಳಿದ್ದು. ಹೆಚ್ಚು ಆಡಿದವಳ ಕೋಲು ಹೆಚ್ಚು ಸವೆಯುವುದು ಸಹಜವೇ. ಅದನ್ನವಳು ಯಾರಿಗೂ ಹೇಳದೆ, ಅಮ್ಮನ ಬುಟ್ಟಿಯ ನೂಲಿನಿಂದ ಬಿಗಿದು ಹದಿನೈದು ದಿನ ಆಡಿದ್ದಳು. ಕೇಳಿದಾಗ, “ಮುರ್ದದ್ದು ಗೊತ್ತಾದ್ರೆ ಸೆಲೆಕ್ಷನ್ನಿಗೆ ಬಿಡುವುದಿಲ್ಲ ಅಂತ ಹೆದರಿಕೆ ಆಯ್ತು ಸಾರ್” ಎಂದಳು. ದಾನವಾಗಿ ಬಂದುದನ್ನು ಕೆಡಿಸಿದೆನೆಂಬ ಅಪರಾಧಭಾವವೂ ಆ ಮಗುವಿನ ಮೇಲೆ ಹೊರೆಯಾಗಿ ಕುಳಿತಿತ್ತು.

ಆ ರಾತ್ರಿಯೇ ಶಿಕ್ಷಕರು ದಾನಿಗೆ ಪತ್ರ ಬರೆದರು. ಹೊಗಳಿಕೆಗೆ ಎರಡು ಸಾಲು, ಸಂಗತಿಗೆ ಎರಡು ಪುಟ. ಅಂಗಳದ ನೆಲ ಹೇಗಿದೆ, ಯಾವ ಕೋಲು ಎಷ್ಟು ದಿನಕ್ಕೆ ಎಲ್ಲಿ ಸವೆಯಿತು, ಯಾರ ಕೈಗೆ ಗಾಯವಾಯಿತು, ಹುಡುಗಿ ನೂಲು ಸುತ್ತಿದ್ದು, ಒಂದನ್ನೂ ಮುಚ್ಚಿಡಲಿಲ್ಲ. “ತಮ್ಮ ಕೊಡುಗೆ ಉತ್ತಮವಾದದ್ದು, ನಮ್ಮ ನೆಲ ಅದಕ್ಕೆ ತಕ್ಕುದಾಗಿಲ್ಲ” ಎಂಬ ಒಂದು ವಾಕ್ಯದಲ್ಲಿ ಅವರ ವಿನಯವೂ ದಿಟ್ಟತನವೂ ಒಟ್ಟಿಗೆ ನಿಂತಿವೆ. ಮುಖ್ಯೋಪಾಧ್ಯಾಯರು ಆ ವಾರವೆಲ್ಲ ಅವರೊಡನೆ ಹೆಚ್ಚು ಮಾತನಾಡಲಿಲ್ಲ.

ಉತ್ತರ ಬಂದಿತು. ದಾನಿಯು ನೊಂದುಕೊಂಡಿರಲಿಲ್ಲ, ನೆಲವೇನೆಂದು ತಾವು ಕೇಳಬೇಕಾಗಿತ್ತೆಂದು ಬರೆದಿದ್ದರು. ಜೊತೆಗೆ ಒಂದು ಉಪಾಯವನ್ನೂ ತಿಳಿಸಿದ್ದರು. ಅಲಗು ಹಾಳಾದ ಮಾತ್ರಕ್ಕೆ ಹಿಡಿ ಹಾಳಾಗಲಿಲ್ಲ. ಅಲ್ಲಿಯ ಆಟಗಾರರು ಅಲಗನ್ನು ಕತ್ತರಿಸಿ ಬಿಸಾಡಿ, ಪೊಳ್ಳಾದ ಹಿಡಿಯ ಬಾಯಿಗೆ ಹೊಸ ಅಲಗಿನ ಮೊಳೆಯನ್ನು ಬಿಸಿ ಅಂಟಿನಿಂದ ಕೂರಿಸುತ್ತಾರೆ. ತಾವು ಎ.ಬಿ.ಎಸ್. ಅಲಗುಗಳನ್ನು ಮಾತ್ರ ಕಳುಹಿಸುವುದಾಗಿಯೂ, ಕೆಡದ ನಾಲ್ಕು ಕೋಲುಗಳನ್ನು ತಂಡವು ನುಣುಪು ನೆಲದ ಒಳಾಂಗಣಕ್ಕೆ ಪಂದ್ಯಕ್ಕೆ ಹೋಗುವಾಗ ಮಾತ್ರ ಹೊರತೆಗೆಯಬೇಕಾಗಿಯೂ ಸೂಚಿಸಿದ್ದರು. ಬೀರುವಿನ ಬೀಗದ ಕೈ ಇದರಿಂದಾಗಿ ದೈಹಿಕ ಶಿಕ್ಷಕರ ವಶಕ್ಕೆ ಬಂದಿತು.

ಅಲಗುಗಳು ಬಂದಾಗ ಮತ್ತೆ ಆಚಾರಿಯ ಶೆಡ್ಡಿನಲ್ಲಿಯೇ ಕೆಲಸ. ಕಾರ್ಬನ್ನಿನ ಧೂಳು ಉಸಿರಿಗೆ ಹೋಗಬಾರದೆಂದು ಮೂಗಿಗೆ ಬಟ್ಟೆ ಕಟ್ಟಿ, ಕೊಯ್ಯುವ ಜಾಗಕ್ಕೆ ಒದ್ದೆ ಬಟ್ಟೆ ಸುತ್ತಿ, ಕಬ್ಬಿಣ ಕೊಯ್ಯುವ ಸಣ್ಣ ಹಲ್ಲಿನ ಗರಗಸದಿಂದ ಎಂಟು ಕೋಲುಗಳ ಅಲಗನ್ನು ತೆಗೆದದ್ದಾಯಿತು. ಹಿಡಿಯು ಕೆಳಗೆ ಹೋದಂತೆ ಸಪುರವಾಗುವುದರಿಂದ ಹೊಸ ಅಲಗಿನ ಮೊಳೆ ಒಳಗೆ ಹೋಗಲೊಲ್ಲದು. ಮೊಳೆಯ ಒಳತಿರುಳು ಮರದ್ದಾಗಿತ್ತು. ಅದನ್ನು ಕಂಡು ಆಚಾರಿಯ ಮುಖ ಅರಳಿತು. ಅಂತೂ ತನ್ನ ಕೈಗೆ ಪರಿಚಯವಾದ ವಸ್ತುವೊಂದು ಈ ವಿಚಿತ್ರ ಕೋಲಿನೊಳಗೆ ಸಿಕ್ಕಿತು. ಅರ ಹಿಡಿದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತೇದು, ಹಾಕಿ ನೋಡಿ, ತೆಗೆದು, ಮತ್ತೆ ತೇದು, ಬಿಗಿಯಾಗಿ ಕೂಡುವಂತೆ ಮಾಡಿದನು. ಅಂಟು ಬೆಚ್ಚಗಾದರೆ ಸಡಿಲುವುದರಿಂದ ಸವೆದ ಅಲಗನ್ನು ಮುಂದೆ ಬಿಸಿ ತೋರಿಸಿಯೇ ಕಳಚಬಹುದು. ಆದ್ದರಿಂದ ಆಟ ಮುಗಿದೊಡನೆ ಕೋಲುಗಳನ್ನು ಬಿಸಿಲಿನಲ್ಲಿ ಬಿಡದೆ ನೆರಳಿಗೆ ತರಬೇಕೆಂದು ಶಿಕ್ಷಕರು ಮಕ್ಕಳಿಗೆ ಕಟ್ಟಪ್ಪಣೆ ಮಾಡಿದರು.

ಹುಡುಗಿಯ ಕೋಲು ಕೊನೆಯದಾಗಿ ಸಿದ್ಧವಾಯಿತು. ಸ್ಕೇಟು ಕಟ್ಟಿ ನಿಂತಾಗ ಕೋಲಿನ ತುದಿ ಗದ್ದದ ಸಮೀಪಕ್ಕೆ ಬರಬೇಕು. ಅವಳಿಗೆ ಎದೆಯವರೆಗಷ್ಟೇ ಬಂದಿತು. ಕೊಯ್ದುದರಿಂದ ಕೋಲು ಗಿಡ್ಡವಾಗಿತ್ತು. ದೀಪಾವಳಿಯಿಂದೀಚೆಗೆ ಅವಳೂ ಬೆಳೆದಿದ್ದಳು. ಆಚಾರಿ ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಪೆನ್ಸಿಲಿನಿಂದ ಗೆರೆ ಎಳೆದು ಅಳತೆ ತೆಗೆದುಕೊಂಡನು. ಆಮೇಲೆ ಮೂಲೆಯಲ್ಲಿದ್ದ ಹಳೆಯ ಬಾಗಿಲವಾಡದ ಚೂರೊಂದನ್ನು ಎತ್ತಿ, ಹಿಡಿಯ ಮೇಲ್ತುದಿಗೆ ಸರಿಯಾಗಿ ಒಂದು ಗೇಣುದ್ದದ ತುಂಡನ್ನು ಕೆತ್ತಿ ಸಿಕ್ಕಿಸಿದನು. ಕಪ್ಪು ಹಿಡಿಯ ಮೇಲೆ ಹಳದಿಯಾಗಿ ಎದ್ದು ಕಾಣುತ್ತಿದ್ದ ಆ ತುಂಡು ಯಾವ ಮರದ್ದೆಂದು ಅವಳು ಕೇಳಿದಳು.

“ಹಲಸು” ಎಂದನು ಆಚಾರಿ. “ಒಂದೆರಡು ಮಳೆ ಕಳೆದ್ರೆ ಅದೂ ಕಪ್ಪಾಗ್ತದೆ.”